ನೆಲಕ್ಕೆ ಗೊತ್ತು ತೂಕ

ಆಷಾಢದ ಮಳೆ ಹಿಡಿದುಕೊಂಡ ಮೇಲೆ ಶಿಕಾರಿಪುರದಿಂದ ಶಿರಾಳಕೊಪ್ಪದ ಮೂಲಕ ಸೊರಬಕ್ಕೆ ಹೊರಟರೆ ದಾರಿಯುದ್ದಕ್ಕೂ ನೀರು ಕಾಣುತ್ತಲೇ ಇರುತ್ತದೆ. ಹುಚ್ಚರಾಯನ ಕೆರೆ, ಕೆಂಪಗೆ ಮೈದುಂಬಿದ ಕುಮುದ್ವತಿ, ಊರೂರಿಗೆ ಒಂದೆರಡು ಕೆರೆ, ಕೊನೆಗೆ ಸೊರಬದ ದಂಡಾವತಿ. ಮೊದಲು ಮೊಣಕಾಲೆತ್ತರದ ಮೆಕ್ಕೆಜೋಳ. ಪಡುವಣಕ್ಕೆ ಹೋದಂತೆ ಹೊಲ ಮುಗಿದು ಗದ್ದೆ, ಗದ್ದೆಯಂಚಿಗೆ ಅಡಿಕೆ ತೋಟ.

ನಾಟಿಯ ಹದ. ಟ್ರ್ಯಾಕ್ಟರಿನ ಹಿಂದಿನ ಚಕ್ರಗಳಿಗೆ ಕೇಜ್ ವೀಲ್ ಹಾಕಿ ಗದ್ದೆಯನ್ನು ಕೆಸರು ಮಾಡುತ್ತಿದ್ದಾರೆ. ಬೆಳ್ಳಕ್ಕಿಗಳು ಅದರ ಬೆನ್ನಿಗೇ ನಡೆದಿವೆ. ಪಕ್ಕದ ಮಣ್ಣುದಾರಿಗೆ ಇಳಿದ ಜಲ್ಲಿ ಟಿಪ್ಪರ್ ಮಾತ್ರ ಅಚ್ಚಿನವರೆಗೆ ಹೂತು, ಜೆಸಿಬಿಗಾಗಿ ಕಾಯುತ್ತಿದೆ. ಭಾರವನ್ನು ಅಗಲಕ್ಕೆ ಹಂಚಿಕೊಂಡ ಗಾಲಿ ಕೆಸರಿನ ಮೇಲೆ ನಡೆಯುತ್ತದೆ, ಒಂದೇ ಕಡೆ ಊರಿದ್ದು ಇಳಿದುಬಿಡುತ್ತದೆ. ಯುದ್ಧಟ್ಯಾಂಕಿನ ಸರಪಳಿ ಪಟ್ಟಿ ಮಾಡುವುದೂ ಕೇಜ್ ವೀಲಿನ ಕೆಲಸವನ್ನೇ. ಆದರೆ ಪಟ್ಟಿ ಎಷ್ಟೇ ಅಗಲವಿರಲಿ, ಮೇಲಿನ ತೂಕಕ್ಕೆ ಒಂದು ಮಿತಿ ಬೇಕು. 40 ಟನ್ ಮೀರಿದ ಟಿ-72 ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಮುಕ್ಕಾಲು ಕಿಲೋಗಿಂತ ಹೆಚ್ಚು ಭಾರ ಹಾಕುತ್ತದೆ. ನಮ್ಮ ಸೇನೆಯಲ್ಲಿದ್ದ 14 ಟನ್ನಿನ ಪಿಟಿ-76 ಹಾಕುತ್ತಿದ್ದುದು ಅರ್ಧ ಕಿಲೋದಷ್ಟು. ಅದು ನೀರಿನಲ್ಲಿ ಈಜಬಲ್ಲ ಟ್ಯಾಂಕು ಕೂಡ. 1971ರಲ್ಲಿ ಪೂರ್ವ ಬಂಗಾಳದ ಗದ್ದೆ, ಹಳ್ಳ, ಜೌಗುಗಳಲ್ಲಿ ಪಿಟಿ-76ರ ಈ ಹಗುರತನವೇ ಕೈಹಿಡಿಯಿತು. ಯುದ್ಧ ಘೋಷಣೆಗೂ ಮೊದಲೇ, ನವೆಂಬರ್ 21ರ ಮಂಜು ಕವಿದ ಬೆಳಗ್ಗೆ, ಗರೀಬ್‌ಪುರದಲ್ಲಿ 45ನೇ ಕ್ಯಾವಲ್ರಿಯ ಪಿಟಿ-76ಗಳು 14ನೇ ಪಂಜಾಬ್ ಪಡೆಯ ಜೊತೆ ನಿಂತು ಪಾಕಿಸ್ತಾನದ ಷಾಫಿ ಟ್ಯಾಂಕುಗಳ ಸ್ಕ್ವಾಡ್ರನ್ನನ್ನು ಮುರಿದವು. ಷಾಫಿಯೂ ಹಗುರ ಟ್ಯಾಂಕೇ. ಸೊರಬದ ಈ ಗದ್ದೆಬಯಲನ್ನು ನೋಡುತ್ತಿದ್ದರೆ, ಅಂಥ ನೆಲದಲ್ಲಿ ಕಾದುವವನ ಕಷ್ಟ ಯಾವ ನಕಾಶೆಯಲ್ಲೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಈ ಸೀಮೆಗೂ ಕಾಳಗ ಹೊಸದಲ್ಲ. ಶಿರಾಳಕೊಪ್ಪದಿಂದ ಕೂಗಳತೆಯ ದೂರದಲ್ಲಿ ಬಳ್ಳಿಗಾವಿ. ಈ ಎರಡು ತಾಲೂಕುಗಳಲ್ಲಿ ವೀರಗಲ್ಲು ಇಲ್ಲದ ಊರು ಹುಡುಕುವುದೇ ಕಷ್ಟ. ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಪಾಚಿ ಹಿಡಿದ ಕಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಕುದುರೆ ಮುಂಗಾಲೆತ್ತಿದೆ, ಸವಾರನ ಕೈಯಲ್ಲಿ ಕತ್ತಿ. ನಡುವೆ ಅಪ್ಸರೆಯರು ಅವನನ್ನು ಒಯ್ಯುತ್ತಿದ್ದಾರೆ, ಮೇಲೆ ಶಿವಸನ್ನಿಧಿ. ತುರುಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳೂ ಇವುಗಳಲ್ಲಿವೆ. ಬೇಗ ಹೋಗಿ ಮುಟ್ಟಿದವನೇ ಊರಿನ ದನ ಉಳಿಸಿದವನು.

ಇದೇ ಸೀಮೆ ವೇಗದ ಕಾಳಗವನ್ನು 1799ರಲ್ಲಿ ಮತ್ತೆ ಕಂಡಿತು. ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯಾ ವಾಘ್, ಒಡೆಯನಿಲ್ಲದ ಟಿಪ್ಪುವಿನ ಸವಾರರನ್ನು ಕೂಡಿಸಿಕೊಂಡು ಬಿದನೂರು ಸೀಮೆಗೆ ನುಗ್ಗಿದ. ಆಗಸ್ಟಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಶಿಕಾರಿಪುರದ ಬಳಿ ಅವನನ್ನು ಸೋಲಿಸಿತು. ಅವನು ಉತ್ತರಕ್ಕೆ, ಮರಾಠರ ಸೀಮೆಗೆ ಹಾರಿದ. ಮರುವರ್ಷ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಬೆನ್ನಟ್ಟಿದರೂ ಕಾಲಾಳುಗಳನ್ನೂ ಫಿರಂಗಿಗಳನ್ನೂ ಎಳೆದುಕೊಂಡು ಹೋಗುವ ಸೈನ್ಯಕ್ಕೆ ಧೋಂಡಿಯಾ ಸಿಗಲಿಲ್ಲ. ಕೊನೆಗೆ 1800ರ ಸೆಪ್ಟೆಂಬರ್ 10ರಂದು, ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ, ನಾಲ್ಕು ಅಶ್ವದಳಗಳನ್ನಷ್ಟೇ ಒಂದೇ ಸಾಲಿನಲ್ಲಿ ನಿಲ್ಲಿಸಿ ವೆಲ್ಲೆಸ್ಲಿ ಏರಿಹೋದ. ಧೋಂಡಿಯಾ ಅಲ್ಲೇ ಮಡಿದ. ಆ ನಾಲ್ಕರಲ್ಲಿ ಎರಡು ಮದರಾಸಿನ ದೇಶೀ ಅಶ್ವದಳಗಳು.

ಅದೇ ಮದರಾಸ್ ಅಶ್ವದಳದ ಇನ್ನೊಂದು ಕವಲಾದ 7ನೇ ಲೈಟ್ ಕ್ಯಾವಲ್ರಿ ಮುಂದೆ ಕುದುರೆ ಬಿಟ್ಟು ಟ್ಯಾಂಕು ಹತ್ತಿತು. ಅದನ್ನು 1948ರಲ್ಲಿ ಜೋಜಿ ಲಾ ಕಣಿವೆಗೆ ಕರೆದೊಯ್ದವರು ನಮ್ಮ ಕೊಡಗಿನವರು, ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಲಡಾಖಿನ ಬಾಗಿಲಾದ ಆ ಕಣಿವೆ 3,500 ಮೀಟರ್ ಎತ್ತರದಲ್ಲಿದೆ. ಸೆಪ್ಟೆಂಬರಿನಲ್ಲಿ ನಮ್ಮ ಕಾಲಾಳುಗಳ ದಾಳಿ ಬಂಡೆಸಂದಿಯ ಪಾಕಿಸ್ತಾನಿ ಬಂಕರುಗಳಿಗೆ ತಾಗಿ ಹಿಂದಿರುಗಿತ್ತು. ಅಲ್ಲಿಗೆ ಟ್ಯಾಂಕು ಬರಬಹುದೆಂದು ಶತ್ರು ಎಣಿಸಿರಲಿಲ್ಲ, ತಿಮ್ಮಯ್ಯ ಎಣಿಸಿದರು. ಸುಮಾರು 15 ಟನ್ನಿನ ಸ್ಟುವರ್ಟ್ ಟ್ಯಾಂಕುಗಳು ಜಮ್ಮುವಿನ ಕಡೆಯಿಂದ ಗುಟ್ಟಾಗಿ ಹೊರಟವು. ದಾರಿಯ ದುರ್ಬಲ ಸೇತುವೆಗಳು ತಡೆಯಲೆಂದೂ ಗುರುತು ಸಿಗದಿರಲೆಂದೂ ಟರೆಟ್ಟುಗಳನ್ನು ಕಳಚಿ ಬೇರೆಯಾಗಿ ಸಾಗಿಸಿದರು. ಕಣಿವೆಯ ಬುಡದ ಬಾಲ್ಟಾಲಿನಿಂದ ಮೇಲಕ್ಕೆ ಹೇಸರಗತ್ತೆಯ ಹಾದಿಯನ್ನು ಟ್ಯಾಂಕಿನ ಹಾದಿ ಮಾಡಿದವರು ಸೇನೆಯ ಎಂಜಿನಿಯರುಗಳಾದ ಮದರಾಸ್ ಸ್ಯಾಪರ್‌ಗಳು. ಅವರ ಮನೆ ಇಂದಿಗೂ ಬೆಂಗಳೂರಿನ ಹಲಸೂರು. ನವೆಂಬರ್ 1ರಂದು, ಹಿಮದ ನಡುವೆ, ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ 'ಸ್ಪ್ಯಾರೋ' ಅವರ ಟ್ಯಾಂಕುಗಳು ಕಣಿವೆಯನ್ನು ದಾಟಿದವು. ತಿಮ್ಮಯ್ಯನವರೂ ಮುಂದಿನ ಟ್ಯಾಂಕಿನಲ್ಲೇ ಇದ್ದರು. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಕೈಸೇರಿ ಲೇಹ್‌ನ ದಾರಿ ತೆರೆಯಿತು. 37 ಮಿಲಿಮೀಟರಿನ ಆ ಪುಟ್ಟ ಫಿರಂಗಿ ಯುರೋಪಿನ ಕಣದಲ್ಲಿ ಆಗಲೇ ಹಳತಾಗಿತ್ತು. ಜೋಜಿ ಲಾದಲ್ಲಿ ಅದು ಸಾಕಾಯಿತು, ಅಲ್ಲಿ ಇದ್ದ ಟ್ಯಾಂಕು ಅದೊಂದೇ ಆದ್ದರಿಂದ.

ಹಗುರ ಟ್ಯಾಂಕಿನ ಪ್ರಯೋಜನ ಇಲ್ಲಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಭಾರೀ ಟ್ಯಾಂಕಿನ ಎದುರು ಅದನ್ನು ನಿಲ್ಲಿಸುವುದು ಸಿಬ್ಬಂದಿಯ ಜೀವಕ್ಕೆ ಮಾಡುವ ಅನ್ಯಾಯ. 1965ರ ಸೆಪ್ಟೆಂಬರ್ 1ರಂದು ಛಂಬ್‌ನಲ್ಲಿ 20ನೇ ಲ್ಯಾನ್ಸರ್ಸ್‌ನ ಒಂದು ಸ್ಕ್ವಾಡ್ರನ್ ಎಎಂಎಕ್ಸ್-13 ಟ್ಯಾಂಕುಗಳಲ್ಲಿ ಪಾಕಿಸ್ತಾನದ ಪ್ಯಾಟನ್ ದಂಡನ್ನು ಎದುರಿಸಿತು. ಧೈರ್ಯಕ್ಕೆ ಕೊರತೆಯಿರಲಿಲ್ಲ, ಕೆಲವು ಪ್ಯಾಟನ್‌ಗಳನ್ನೂ ಕೆಡವಿದರು, ಆದರೆ ತಡೆದು ನಿಲ್ಲಲಾಗಲಿಲ್ಲ. ಅದಕ್ಕೂ ಮೂರು ವರ್ಷ ಮೊದಲು ಇದೇ ಎಎಂಎಕ್ಸ್‌ಗಳನ್ನು ಎಎನ್-12 ವಿಮಾನದಲ್ಲಿ ಲಡಾಖಿನ ಚುಶುಲ್‌ಗೆ ಇಳಿಸಿದಾಗ ಅದು ಭಾರೀ ಟ್ಯಾಂಕಿಗೆ ಆಗದ ಕೆಲಸವಾಗಿತ್ತು. 2023ರಲ್ಲಿ ಉಕ್ರೇನಿಗೆ ಹೋದ ಫ್ರಾನ್ಸಿನ ಎಎಂಎಕ್ಸ್-10 ಆರ್‌ಸಿ ವಾಹನಗಳ ಕವಚ ಮುಂಚೂಣಿಯ ದಾಳಿಗೆ ತೀರಾ ತೆಳುವೆಂದು ಅಲ್ಲಿನ ಸೇನಾಧಿಕಾರಿಯೇ ಹೇಳಿದರು. ಮೇಲಿನಿಂದ ಎರಗುವ ಡ್ರೋನಿಗಾದರೆ ಭಾರೀ ಟ್ಯಾಂಕಿನ ನೆತ್ತಿಯೂ ತೆಳುವೇ.

2020ರ ಗಾಲ್ವಾನ್ ಘರ್ಷಣೆಯ ನಂತರ ನಾವು ಟಿ-72, ಟಿ-90ಗಳನ್ನು ಪೂರ್ವ ಲಡಾಖಿಗೆ ಏರಿಸಿದೆವು. ಗಾಳಿ ತೆಳುವಾದಲ್ಲಿ ಎಂಜಿನ್ನಿನ ಕಸುವು ಇಳಿಯುತ್ತದೆ. ಎದುರಿಗೆ ಚೀನಾದ ಬಳಿ 33 ಟನ್ನಿನ ಟೈಪ್ 15 ಇತ್ತು. ಅದಕ್ಕೆ ಉತ್ತರವಾಗಿ ಡಿಆರ್‌ಡಿಒ ಮತ್ತು ಎಲ್ ಆಂಡ್ ಟಿ ಸೇರಿ ಕಟ್ಟಿದ್ದು ಜೋರಾವರ್: 25 ಟನ್, 105 ಮಿಲಿಮೀಟರ್ ಫಿರಂಗಿ. 1841ರಲ್ಲಿ ಲಡಾಖಿನಿಂದ ಟಿಬೆಟ್ಟಿಗೆ ದಂಡೆತ್ತಿಹೋದ ಜೋರಾವರ್ ಸಿಂಗನ ಹೆಸರು ಅದಕ್ಕೆ. 2024ರ ಡಿಸೆಂಬರಿನಲ್ಲಿ 4,200 ಮೀಟರ್ ಮೀರಿದ ಎತ್ತರದಲ್ಲಿ ಗುಂಡು ಹಾರಿಸಿ ತೋರಿಸಿತು.

ಇನ್ನು ಮುಂದೆ ಅದರ ಮೇಲೆ ಡ್ರೋನ್ ತಡೆ ಸಾಧನ, ದಪ್ಪ ಕವಚ ಎಂದು ಒಂದೊಂದೇ ಬೇಡಿಕೆ ಏರುತ್ತವೆ, ಒಂದೊಂದೂ ನ್ಯಾಯವಾದದ್ದೇ. ಅಮೆರಿಕದ ಎಂ-10 ಬೂಕರ್ ಹೀಗೆಯೇ 38 ಟನ್ನಿಗೆ ಬೆಳೆಯಿತು. ಫೋರ್ಟ್ ಕ್ಯಾಂಪ್‌ಬೆಲ್ ನೆಲೆಯೊಳಗಿನ 11 ಸೇತುವೆಗಳಲ್ಲಿ 8 ಅದರ ಭಾರ ತಾಳುವುದಿಲ್ಲವೆಂದು ತಿಳಿದುಬಂತು, 2025ರಲ್ಲಿ ಅಲ್ಲಿನ ಸೇನೆ ಆ ಯೋಜನೆಯನ್ನೇ ಕೈಬಿಟ್ಟಿತು. ಜೋರಾವರ್‌ನ 25 ಟನ್ನಿನ ಗೆರೆಯನ್ನು ಕಾಯುವುದು ಅದರ ಫಿರಂಗಿಯಷ್ಟೇ ಮುಖ್ಯ. ಡ್ರೋನಿನ ವಿರುದ್ಧದ ಕಾವಲನ್ನು ಅದರ ಜೊತೆಗೆ ಬೇರೆ ವಾಹನ ಹೊರಲಿ.