ಒಕ್ಕಲು (ಭಕ್ತಸಮೂಹ)

ಒಕ್ಕಲು ಎಂಬುದು ಒಂದು ದೇವರಿಗೆ ಅಥವಾ ಗುರುವಿಗೆ ತಲೆಮಾರುಗಳಿಂದ ನಡೆದುಕೊಳ್ಳುವ ಮನೆತನವನ್ನೂ ಅಂತಹ ಮನೆತನಗಳ ಸಮೂಹವನ್ನೂ ಸೂಚಿಸುವ ಕನ್ನಡ ಪದ. ಮೈಸೂರು ಜಿಲ್ಲೆಯ ನಂಜನಗೂಡು, ತಿ. ನರಸೀಪುರ ಮೊದಲಾದ ತಾಲ್ಲೂಕುಗಳಲ್ಲಿ ಈ ಅರ್ಥ ಇಂದಿಗೂ ಬಳಕೆಯಲ್ಲಿದೆ. 'ಅನುಯಾಯಿ' ಎಂದರೆ ಹಿಂಬಾಲಿಸುವ ವ್ಯಕ್ತಿ. 'ಒಕ್ಕಲು' ಎಂದರೆ ಇಡೀ ಮನೆ.

ಪದದ ಅರ್ಥ

ಒಕ್ಕಲು ಪದಕ್ಕೆ ವಾಸ, ಬೇಸಾಯದ ಕುಟುಂಬ, ಗೇಣಿದಾರ ಎಂಬ ಅರ್ಥಗಳೂ ಇವೆ. ಒಡೆಯನ ಭೂಮಿಯನ್ನು ಉತ್ತು ಬೆಳೆಯ ಪಾಲು ಸಲ್ಲಿಸುವ ಕುಟುಂಬವು ಆತನ ಒಕ್ಕಲು. ದೇವರನ್ನೇ ಒಡೆಯನೆಂದು ಭಾವಿಸಿ ಹರಕೆ, ಮುಡಿ, ಕಾಣಿಕೆ ಒಪ್ಪಿಸುವ ಕುಟುಂಬಕ್ಕೂ ಇದೇ ಹೆಸರು ಸಲ್ಲುತ್ತದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ಕೊನೆಗಾಣಿಸಿ ಉಳುವವನಿಗೆ ಒಡೆತನ ನೀಡಿತು. ಜಮೀನಿನ ಒಕ್ಕಲುತನ ಹೀಗೆ ಹಿಂದೆ ಸರಿದರೂ ದೇವರ ಒಕ್ಕಲುತನ ಉಳಿದುಕೊಂಡಿದೆ.

ಬಳಕೆ

ನಂಜನಗೂಡಿನ ಶ್ರೀಕಂಠೇಶ್ವರನನ್ನು ಮನೆದೇವರಾಗಿ ಉಳ್ಳವರು ನಂಜುಂಡೇಶ್ವರನ ಒಕ್ಕಲು. ನಂಜಪ್ಪ, ನಂಜುಂಡಯ್ಯ, ನಂಜಮ್ಮ ಎಂಬ ಹೆಸರುಗಳು ಈ ನಂಟನ್ನು ತಿಳಿಸುತ್ತವೆ. ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯ ಮಲ್ಲಿಕಾರ್ಜುನನಿಗೂ ಇಂತಹ ಒಕ್ಕಲುಗಳಿವೆ. ಒಂದೇ ದೇವರಿಗೆ ಬೇರೆ ಬೇರೆ ಜಾತಿಗಳ ಮನೆಗಳು ಒಕ್ಕಲಾಗಿರುವುದುಂಟು. ಒಕ್ಕಲುತನ ಹುಟ್ಟಿನಿಂದ ಬರುವುದೇ ಹೊರತು ಆಯ್ಕೆಯಿಂದಲ್ಲ. ಹೆಣ್ಣುಮಕ್ಕಳು ಮದುವೆಯ ಬಳಿಕ ಸಾಮಾನ್ಯವಾಗಿ ಗಂಡನ ಮನೆದೇವರ ಒಕ್ಕಲಿಗೆ ಸೇರುತ್ತಾರೆ.

ಸಂಬಂಧಿತ ಪದಗಳು

ಒಕ್ಕಲಿನವರಲ್ಲಿ ದೀಕ್ಷೆ ಪಡೆದವರಿಗೆ ಪ್ರತ್ಯೇಕ ಹೆಸರುಗಳಿವೆ. ಮಂಟೇಸ್ವಾಮಿ ಪರಂಪರೆಯಲ್ಲಿ ತಂಬೂರಿ ಹಿಡಿದು ಕಾವ್ಯ ಹಾಡುವವರು ನೀಲಗಾರರು. ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯೊಡನೆ ಹಾಡುವವರು ದೇವರಗುಡ್ಡರು. 'ಗುಡ್ಡ' ಎಂಬ ಪದ ಜೈನ ಶಾಸನಗಳಲ್ಲಿ ಗುರುವಿನ ಗೃಹಸ್ಥ ಶಿಷ್ಯನಿಗೆ ಬಳಕೆಯಾಗಿದೆ, ಸ್ತ್ರೀಯಾದರೆ 'ಗುಡ್ಡಿ'. ಹೊಯ್ಸಳ ರಾಣಿ ಶಾಂತಲೆಯು ಪ್ರಭಾಚಂದ್ರ ಸಿದ್ಧಾಂತದೇವರ ಗುಡ್ಡಿಯಾಗಿದ್ದಳು.

ಆಧುನಿಕ ಪದಗಳು

ರಾಜಕೀಯದಲ್ಲಿ 'ಬೆಂಬಲಿಗ', ಚಲನಚಿತ್ರ ಕ್ಷೇತ್ರದಲ್ಲಿ 'ಅಭಿಮಾನಿ' ಎಂಬ ಪದಗಳು ರೂಢಿಯಲ್ಲಿವೆ. ಇವು ವ್ಯಕ್ತಿಯ ಇಚ್ಛೆಯನ್ನು ಅವಲಂಬಿಸಿವೆ. ಬೆಂಬಲಿಗನು ಪಕ್ಷ ಬದಲಿಸಬಹುದು, ಒಂದೇ ಮನೆಯಲ್ಲಿ ಇಬ್ಬರು ನಟರ ಅಭಿಮಾನಿಗಳಿರಬಹುದು. ನಟ ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆಯುತ್ತಿದ್ದರು. ಒಕ್ಕಲು ಎಂಬ ಪದದಲ್ಲಿ ಒಡೆಯನ ಸ್ಥಾನ ದೇವರದು. ಈ ಸಂಬೋಧನೆಯಲ್ಲಿ ಆ ಸ್ಥಾನ ಹಿಂಬಾಲಿಸುವವರಿಗೇ ಸಂದಿದೆ.