ಡಿಶ್‌ಗೆ ದಿಕ್ಕು ತೋರಿಸಿದ ಟ್ರಿಗನಾಮೆಟ್ರಿ

ಡಿಗ್ರಿ ಮುಗಿಸಿ, ಊರಲ್ಲೇ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಟಿ.ವಿ. ಎಷ್ಟು ಮುಖ್ಯ ಅನ್ನೋದು ನೆಟ್‌ವರ್ಕ್ ಇರುವ ಊರಿನವರಿಗೆ ಅಷ್ಟು ಸುಲಭವಾಗಿ ಅರ್ಥವಾಗಲಿಕ್ಕಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಹಾಗಾಗಿ ಡಿಡಿ ಫ್ರೀ ಡಿಶ್‌ನ ಸ್ವಯಂಪ್ರಭಾ ಪಾಠಗಳು, ಚಂದನದ ವಾರ್ತೆಗಳೇ ನನ್ನ ಕೋಚಿಂಗ್ ಸೆಂಟರ್. ತಿಂಗಳ ಬಾಡಿಗೆಯೂ ಇಲ್ಲ. ಕಳೆದ ವರ್ಷ ಮಳೆಗಾಲಕ್ಕೆ ಮುಂಚಿನ ಗಾಳಿಗೆ ಮಾಡಿನ ಪಕ್ಕದ ಡಿಶ್ ಕಂಬದ ಸಮೇತ ವಾಲಿತು. ಪೇಟೆಯ ಮೆಕ್ಯಾನಿಕ್ 'ನಾಳೆ ಬರ್ತೀನಿ' ಅನ್ನುತ್ತಲೇ ಎರಡು ವಾರ ದಾಟಿಸಿದರು. ಪರೀಕ್ಷೆಗೆ ಉಳಿದದ್ದು ಒಂದೂವರೆ ತಿಂಗಳು. ಸ್ಪ್ಯಾನರ್ ಕೈಗೆತ್ತಿಕೊಂಡೆ.

ಡಿಶ್ ಕೂರಿಸುವುದು ಕೈಚಳಕ ಅಂತ ನಾವೆಲ್ಲ ನಂಬಿದ್ದೇವೆ. ಅಸಲಿಗೆ ಅದು ಎರಡು ಕೋನಗಳ ಲೆಕ್ಕ. ಫ್ರೀ ಡಿಶ್ ಚಾನೆಲ್‌ಗಳು ಬರುವುದು 2015ರಲ್ಲಿ ಹಾರಿಸಿದ ಜಿಸ್ಯಾಟ್-15ರಿಂದ. ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಅದು ಭೂಮಿಯ ಜೊತೆಗೇ ಸುತ್ತುತ್ತದೆ. ಆದ್ದರಿಂದ ನಮಗೆ ನಿಂತಲ್ಲೇ ನಿಂತಂತೆ. ಅದನ್ನು ಅಲ್ಲಿ ಅಲುಗದಂತೆ ನೋಡಿಕೊಳ್ಳುವುದು ನಮ್ಮ ಹಾಸನದ ಇಸ್ರೊ ಕೇಂದ್ರ!

ಉಪಗ್ರಹದ ಮತ್ತು ನಿಮ್ಮೂರಿನ ರೇಖಾಂಶಗಳ ವ್ಯತ್ಯಾಸ ತೆಗೆಯಿರಿ. ಅದರ ಟ್ಯಾನ್ ಅನ್ನು ಊರಿನ ಅಕ್ಷಾಂಶದ ಸೈನ್‌ನಿಂದ ಭಾಗಿಸಿ, ಟ್ಯಾನ್ ಇನ್ವರ್ಸ್ ತೆಗೆದು, 180ರಿಂದ ಕಳೆದರೆ ದಿಕ್ಕು ಸಿಕ್ಕಿತು. ನಮಗೆ ಬಂದದ್ದು ಉತ್ತರದಿಂದ 126 ಡಿಗ್ರಿ. ಬೆಂಗಳೂರಿಗೆ 128, ಬೀದರ್‌ಗೆ 137. ವಾಸ್ತುವಿನವರ ಭಾಷೆಯಲ್ಲಿ ಅಡುಗೆಮನೆಯ ಮೂಲೆ, ಆಗ್ನೇಯ. ಎತ್ತರದ ಕೋನ ನಮಗೆ 63, ಬೆಂಗಳೂರಿಗೆ 66. ಪಿಯುಸಿಯಲ್ಲಿ 'ಇದೆಲ್ಲ ಯಾಕೆ ಕಲೀಬೇಕು' ಎಂದು ಕೇಳುತ್ತಿದ್ದ ಗೆಳತಿಗೆ ಗುಡ್ಡ ಹತ್ತಿ ಫೋನ್ ಮಾಡಿ ಹೇಳಿದೆ.

ಈ 63 ಡಿಗ್ರಿ ಸಣ್ಣ ವಿಷಯವಲ್ಲ. ಉಪಗ್ರಹ ಅಷ್ಟು ಮೇಲಿದೆ ಎಂದರೆ ಡಿಶ್ ಮಾಡಿನ ಮೇಲೇ ಇರಬೇಕಾಗಿಲ್ಲ. ಎದುರಿನ ಗೋಡೆ ಡಿಶ್‌ಗಿಂತ 10 ಅಡಿ ಎತ್ತರವಿದ್ದರೆ 5 ಅಡಿ ಹಿಂದೆ ಸರಿದರೆ ಸಾಕು, ಆಕಾಶ ತೆರೆದುಕೊಳ್ಳುತ್ತದೆ. ಪಾಚಿ ಕಟ್ಟಿದ ಹೆಂಚಿನ ಮೇಲೆ ಪ್ರಾಣ ಕೈಯಲ್ಲಿ ಹಿಡಿದು ಹತ್ತುವುದು ಯಾತಕ್ಕೆ? ಡಿಶ್ಶನ್ನು ಅಂಗಳಕ್ಕೇ ಇಳಿಸಿದೆ. ಎದುರಿಗೆ ಅಡಿಕೆ ಮರಗಳಿಲ್ಲದ ಜಾಗ ಹುಡುಕಿದ್ದಷ್ಟೇ ಕಷ್ಟ.

ಕಂಬ ನೆಟ್ಟಗಿರಬೇಕು. ದಾರಕ್ಕೆ ಕಲ್ಲು ಕಟ್ಟಿ ಎರಡು ಕಡೆಯಿಂದ ನೋಡಿ ನಿಲ್ಲಿಸಿದೆ. ಕಂಬ ವಾಲಿದ್ದರೆ ಡಿಶ್ ಹಿಂದಿನ ಪಟ್ಟಿಯ ಅಂಕಿಗಳಿಗೆ ಅರ್ಥವೇ ಇಲ್ಲ. ದಿಕ್ಸೂಚಿ ನೋಡಲು ಮೊಬೈಲ್ ಸಾಕು, ಆದರೆ ಕಬ್ಬಿಣದ ಕಂಬದಿಂದ ದೂರ ನಿಂತು ನೋಡಬೇಕು. ಇನ್ನೊಂದು ಮಾತು: ಮನೆಗಳ ಡಿಶ್ ಓರೆಯಾಗಿ ಪ್ರತಿಫಲಿಸುವಂಥದ್ದು. ನೋಡಲು ಅದು ದಿಗಂತದತ್ತ ಬಾಗಿದಂತಿದ್ದರೂ ನಿಜಕ್ಕೂ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತದೆ. ಕಣ್ಣಂದಾಜು ನಂಬದೆ ಪಟ್ಟಿಯ ಅಂಕಿಯನ್ನೇ ನಂಬಿ.

ಆಮೇಲಿನದು ತಾಳ್ಮೆಯ ಕೆಲಸ. ತಮ್ಮ ಒಳಗೆ ಟಿ.ವಿ. ಮುಂದೆ, ನಾನು ಅಂಗಳದಲ್ಲಿ.

'ಅಕ್ಕಾ, ಸ್ಟ್ರೆಂತ್ ಎಂಬತ್ತು!'

'ಅದು ಬಿಡೋ, ಕ್ವಾಲಿಟಿ ಎಷ್ಟು?'

'ಸೊನ್ನೆ.'

ಸ್ಟ್ರೆಂತ್ ಎಂಬುದು ಎಲ್‌ಎನ್‌ಬಿಗೆ ಕರೆಂಟ್ ಹೋದರೂ ತೋರಿಸುವ ಗೀಟು. ಉಪಗ್ರಹ ಸಿಕ್ಕಿದೆಯೇ ಎಂದು ಹೇಳುವುದು ಕ್ವಾಲಿಟಿ. ಒಂದು ಡಿಗ್ರಿ ತಪ್ಪಿದರೂ ಅಷ್ಟು ದೂರದಲ್ಲಿ 600 ಕಿ.ಮೀ.ಗೂ ಹೆಚ್ಚು ಪಕ್ಕಕ್ಕೆ ಹೋದಂತೆ. ಬಾಕ್ಸ್ ಲೆಕ್ಕ ತೋರಿಸಲು ಎರಡು-ಮೂರು ಸೆಕೆಂಡ್ ಬೇಕು. ಹಾಗಾಗಿ ಕೂದಲೆಳೆಯಷ್ಟು ತಿರುಗಿಸುವುದು, ನಿಲ್ಲುವುದು, ಕೇಳುವುದು. ಮುಕ್ಕಾಲು ಗಂಟೆಗೆ 'ನಲವತ್ತೆರಡು!' ಎಂಬ ಕೂಗು ಬಂತು. ಅಜ್ಜಿ ಅಷ್ಟಕ್ಕೇ ಸಾಕು ಎಂದರು.

ಸಾಲದು. ಈ ತರಂಗಗಳು ಮಳೆಗೆ ಸೊರಗುತ್ತವೆ. ಬಿಸಿಲಲ್ಲಿ ನಲವತ್ತೆರಡರಲ್ಲಿ ಬರುವ ಚಿತ್ರ ಆಷಾಢದ ಮಳೆಯಲ್ಲಿ ಚೂರುಚೂರಾಗುತ್ತದೆ. ಎಲ್‌ಎನ್‌ಬಿಯನ್ನು ಹಿಡಿಕೆಯಲ್ಲೇ ಮೆಲ್ಲಗೆ ಹೊರಳಿಸಿದಾಗ ಅಂಕಿ ಏರುತ್ತಾ ಹೋಗಿ ಎಪ್ಪತ್ತೊಂದಕ್ಕೆ ನಿಂತಿತು. ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿದೆ. ಒಂದೇ ಕಡೆ ಬಿಗಿದರೆ ಡಿಶ್ ಮತ್ತೆ ಜರುಗುತ್ತದೆ. ಕೇಬಲ್ ಜೋಡಿಸುವಲ್ಲಿ ನೀರಿಳಿಯದಂತೆ ಟೇಪ್ ಸುತ್ತಿದೆ.

ಜುಲೈಯ ಜಡಿಮಳೆಯಲ್ಲಿ ಕ್ವಾಲಿಟಿ ಐವತ್ತಕ್ಕೆ ಇಳಿಯಿತು, ಪಾಠ ನಿಲ್ಲಲಿಲ್ಲ. ಮೆಕ್ಯಾನಿಕ್ ಆಗಸ್ಟ್‌ನಲ್ಲಿ ಫೋನ್ ಮಾಡಿ 'ನಾಳೆ ಬರಲಾ' ಅಂತ ಕೇಳಿದರಂತೆ. ಅಜ್ಜಿ ಪಕ್ಕದ ಮನೆಯವರ ಡಿಶ್ ತೋರಿಸಲು ಹೇಳಿದ್ದಾರೆ.