ಕೆರೆಗೋಡು ತೆಗೆಯುವ ಮುನ್ನ ಅಂಚು ಗುರುತಿಸಿ

ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೆರೆಯ ಕೆಲಸಕ್ಕೆ ಜನ ಸೇರುವುದು ಶಿವರಾತ್ರಿ ಕಳೆದ ಮೇಲೆ. ನೀರು ಹಿಂದೆ ಸರಿದು ಅಂಗಳ ಬಿರಿಯತೊಡಗಿದಾಗ ತೋಟದವರು ತೆಂಗಿನ ಬುಡಕ್ಕೆ ಕೆರೆಗೋಡು ಹೊಡೆಸಲು ಟ್ರ್ಯಾಕ್ಟರ್ ತರುತ್ತಾರೆ, ಪಂಚಾಯ್ತಿಯಲ್ಲಿ ಹೂಳೆತ್ತುವ ಮಾತು ಏಳುತ್ತದೆ, ಊರಿನ ಹುಡುಗರು ಒಂದು ಭಾನುವಾರ ಪ್ಲಾಸ್ಟಿಕ್ ಆರಿಸುತ್ತಾರೆ. ಎಲ್ಲವೂ ಬೇಕಾದ ಕೆಲಸವೇ. ಆದರೆ ಕೆರೆಯನ್ನು ನಂಬಿದ ಹಕ್ಕಿ, ಆಮೆ, ಕಪ್ಪೆಗಳ ಮುಂದಿನ ವರ್ಷ ಹೇಗಿರುತ್ತದೆ ಎನ್ನುವುದು ಈ ದಿನಗಳಲ್ಲಿ ಎಲ್ಲಿ ಅಗೆದೆವು, ಎಲ್ಲಿ ಅಗೆಯದೆ ಬಿಟ್ಟೆವು ಎನ್ನುವುದರ ಮೇಲೆ ನಿಂತಿದೆ.

ಪಕ್ಕದ ಶಿರಾ ತಾಲ್ಲೂಕಿನ ಕಗ್ಗಲಡುವನ್ನೇ ನೋಡಿ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ, ಊರವರು ಅವನ್ನು ಕಾಯುತ್ತಾರೆ. ಗೂಡು ಅಲ್ಲಿದ್ದರೂ ಊಟ ಸುತ್ತಲಿನ ಕೆರೆಗಳಲ್ಲಿ. ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಕಣ್ಣನ್ನು ಹೆಚ್ಚು ನೆಚ್ಚುವುದಿಲ್ಲ. ಕೊಕ್ಕನ್ನು ಅರ್ಧ ತೆರೆದು ನೀರಿಗಿಳಿಸಿ, ತಲೆಯನ್ನು ಅತ್ತಿತ್ತ ಆಡಿಸುತ್ತಾ ಕಾಲಿನಿಂದ ಕೆಸರು ಕಲಕುತ್ತಾ ನಡೆಯುತ್ತದೆ. ಮೀನು ಕೊಕ್ಕಿಗೆ ತಗುಲಿದ ಕ್ಷಣವೇ ಕೊಕ್ಕು ಮುಚ್ಚುತ್ತದೆ. ಇದಕ್ಕೆ ಕಾಲು ನೆಲಕ್ಕೆ ಎಟುಕುವಷ್ಟು ನೀರು ಬೇಕು. ನಡೆದುಕೊಂಡು ಮೇಯುವ ಬಕ, ಬೆಳ್ಳಕ್ಕಿಗಳಿಗೂ ಅಷ್ಟೇ. ಹೂಳೆತ್ತುವ ಹುರುಪಿನಲ್ಲಿ ಇಡೀ ಕೆರೆಯನ್ನು ಕಡಿದಾದ ಗುಂಡಿ ಮಾಡಿದರೆ ನೀರು ತುಂಬಿ ನಿಂತಿದ್ದರೂ ಇವಕ್ಕೆ ಅಲ್ಲಿ ಕಾಲೂರಲು ಜಾಗವಿರುವುದಿಲ್ಲ. ಅಂಥ ಗುಂಡಿಗಳಲ್ಲಿ ದನಕರು, ಮಕ್ಕಳು ಮುಳುಗಿದ ಸುದ್ದಿ ಪ್ರತಿ ವರ್ಷ ಓದುತ್ತೇವೆ.

ಸಮಾಧಾನದ ಸಂಗತಿಯೆಂದರೆ, ತೋಟಕ್ಕೆ ಬೇಕಾದ ಗೋಡೂ ಹಕ್ಕಿಗೆ ಬೇಕಾದ ಅಂಚೂ ಬೇರೆ ಬೇರೆ ಕಡೆ ಇವೆ. ಹಳ್ಳದ ನೀರು ಕೆರೆಗೆ ಸೇರುವಲ್ಲಿ ಮೊದಲು ಬೀಳುವುದು ಮರಳು, ಗರಸು. ನುಣುಪಾದ ಕಪ್ಪು ಗೋಡು ತೇಲಿಬಂದು ಏರಿಯ ಕಡೆಯ ಆಳದಲ್ಲಿ ತಂಗುತ್ತದೆ. ಅಲ್ಲಿಂದಲೇ ತೆಗೆಯಿರಿ. ಏರಿಯ ಬುಡಕ್ಕೂ ತೂಬಿಗೂ ಹತ್ತಿರ ಮಾತ್ರ ಹೋಗಬೇಡಿ, ಏರಿ ಸಡಿಲವಾಗುತ್ತದೆ. ಗೊರಚು ಕಂಡ ಕೂಡಲೇ ನಿಲ್ಲಿಸಿ. ಅಡಿಯ ಜೇಡಿ ಹರಿದರೆ ಕೆರೆ ನೀರು ಹಿಡಿಯುವುದಿಲ್ಲ. ಹಿನ್ನೀರಿನ ಕಡೆಯ ಇಳಿಜಾರನ್ನು ಹಾಗೇ ಬಿಡಿ. ಸ್ವಯಂಸೇವಕರ ಮೊದಲ ಕೆಲಸ, ಯಂತ್ರ ಬರುವ ಮುನ್ನ ತೋಟದವರನ್ನೂ ಪಂಚಾಯ್ತಿ ಸದಸ್ಯರನ್ನೂ ಜೊತೆಗೆ ಕರೆದುಕೊಂಡು ಅಂಗಳ ಸುತ್ತಿ, ಗೂಟ ನೆಟ್ಟು ಸುಣ್ಣದ ಗೆರೆ ಎಳೆಯುವುದು. ಗೆರೆ ಇಲ್ಲದಿದ್ದರೆ ಜೆಸಿಬಿ ಚಾಲಕನಿಗೆ ಕೆರೆಯೆಲ್ಲ ಒಂದೇ.

ಅಗೆಯುವಾಗ ಒಬ್ಬರಾದರೂ ಬಕೆಟ್ ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ನಮ್ಮ ಕೆರೆಗಳ ಆಮೆ ನೀರು ಬತ್ತಿದಾಗ ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತದೆ. ಮೇಲೆ ಒಣಗಿದ ಮಣ್ಣಷ್ಟೇ ಕಾಣುತ್ತದೆ, ಬಕೆಟ್ ಹಲ್ಲು ಇಳಿದಾಗಲೇ ಅದು ಸಿಗುವುದು. ಸಿಕ್ಕರೆ ಅದೇ ಕೆರೆಯ ಉಳಿದ ನೀರಿಗೋ ತಂಪು ಕೆಸರಿಗೋ ಬಿಡಿ, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಮನೆಗೆ ಒಯ್ದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಯಲಲ್ಲಿ ಟಿಟ್ಟಿಭ ಕೂಗುತ್ತಾ ತಲೆಯ ಮೇಲೆರಗಿದರೆ ಟ್ರ್ಯಾಕ್ಟರ್ ದಾರಿ ಬದಲಿಸಿ. ಕಲ್ಲಿನ ಬಣ್ಣದ ಅದರ ಮೊಟ್ಟೆಗಳು ಬರಿನೆಲದ ಮೇಲೆ ಅಲ್ಲೇ ಎಲ್ಲೋ ಇರುತ್ತವೆ.

ಅಂಗಳದ ಕರಿಜಾಲಿ ಮರಗಳನ್ನು ಕಡಿಯುವುದಿದ್ದರೆ, ಗೂಡುಗಳಿಂದ ಮರಿಗಳು ಹಾರಿಹೋದ ಮೇಲೆ. ಬಳ್ಳಾರಿ ಜಾಲಿ ಬೇರೆ ಮಾತು, ಅದನ್ನು ಗಿಡವಿದ್ದಾಗಲೇ ಬೇರುಸಮೇತ ಕೀಳಬೇಕು. ಅಂತರಗಂಗೆಯನ್ನು ಪೂರ್ತಿ ತೆಗೆಯಿರಿ, ಆದರೆ ಅಂಚಿನ ಜೊಂಡನ್ನು ಬೋಳಿಸಬೇಡಿ. ಗುಳುಮುಳುಕ ನೀರಸಸ್ಯದಿಂದಲೇ ತೇಲುವ ಗೂಡು ಕಟ್ಟಿ, ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಹಸಿ ಪಾಚಿ ಎಳೆದುಕೊಂಡು ಹೋಗುತ್ತದೆ. ದೂರಕ್ಕೆ ಅದು ಕಸದ ಗುಪ್ಪೆಯಂತೆ ಕಾಣುವುದರಿಂದ ಸ್ವಚ್ಛತೆ ಮಾಡುವವರ ಕೈಗೇ ಮೊದಲು ಸಿಗುತ್ತದೆ. ಕೆರೆ ಅಂದಗೊಳಿಸುವ ಹೆಸರಲ್ಲಿ ಸುತ್ತಲೂ ಕಲ್ಲು ಕಟ್ಟಿ ಕಾಂಕ್ರೀಟ್ ದಾರಿ ಹಾಕುವುದನ್ನಂತೂ ನಾನು ಒಪ್ಪಲಾರೆ.

ತೆಂಗಿನ ನಾಡಿಗೆ ಸೇರಿದ ತೊಂದರೆಯೊಂದಿದೆ. ಕಾಯಿಮಟ್ಟೆ, ನಾರಿನ ಪುಡಿಯನ್ನು ಕೆರೆಗೆ ಬರುವ ಹಳ್ಳದ ಪಕ್ಕ ರಾಶಿ ಹಾಕಿದರೆ ಮಳೆಗೆ ಅದರ ಒಗರು ಕಂದು ರಸ ನೀರಿಗಿಳಿಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಪರಿಹಾರ ನೀರಲ್ಲಿಲ್ಲ, ಹಳ್ಳದ ಮೇಲ್ಭಾಗದಲ್ಲಿದೆ. ಮುಂಗಾರಿಗೆ ಮುನ್ನ ಹಳ್ಳದ ಉದ್ದಕ್ಕೂ ನಡೆದು ರಾಶಿಗಳನ್ನು ನೋಡಿ, ಅವರವರ ಮನೆಗೆ ಹೋಗಿ ಮಾತಾಡಿ ಸರಿಸಿ. ಅದೇ ಪುಡಿ ತಿಪ್ಪೆ ಸೇರಿ ಚೆನ್ನಾಗಿ ಕಳಿತರೆ ತೋಟಕ್ಕೇ ಗೊಬ್ಬರ.

ಕಾಗದದ ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಯ ಕೈಲಿರುತ್ತದೆ, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದು. ಮೀನಿನ ಹಕ್ಕು ಹರಾಜಾಗುವುದರಿಂದ ಹಿಡಿದವರೊಂದಿಗೂ ಮಾತಾಗಬೇಕು: ಹರಿದ ಬಲೆ ನೀರಲ್ಲೇ ಬಿಟ್ಟರೆ ಅದರಲ್ಲಿ ನೀರುಕಾಗೆ, ಆಮೆ ಸಿಕ್ಕಿ ಸಾಯುತ್ತವೆ, ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ 2000ದಿಂದಲೇ ನಿಷೇಧವಿದೆ. ಲಿಖಿತ ಒಪ್ಪಿಗೆ ಪಡೆದ ಗುಂಪಿಗೆ ಬಲ ಹೆಚ್ಚು. ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡು, ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದವಾದ ಮೇಲೆ ನಿರ್ವಹಣೆ ವಹಿಸಿಕೊಂಡರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳಿಗೆ ಮೀನು ಕೊಟ್ಟು ಬದುಕಿಸಿದ್ದು ಊರಿನದೇ ಹೆಜ್ಜಾರ್ಲೆ ಬಳಗ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಮಳೆಗಾಲದಲ್ಲಿ ಹೆಚ್ಚು ಕೆಲಸವಿಲ್ಲ. ಹಳ್ಳದ ಬಾಯಿ, ಕೋಡಿ ಕಟ್ಟಿಕೊಳ್ಳದಂತೆ ನೋಡಿಕೊಂಡು ಕೆರೆಯನ್ನು ಅದರ ಪಾಡಿಗೆ ಬಿಟ್ಟರೆ ಸಾಕು. ಮತ್ತೆ ಸೇರಬೇಕಾದ್ದು ಜನವರಿಯಲ್ಲಿ. ಏಷ್ಯಾದುದ್ದಕ್ಕೂ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ, ಯಾವ ಊರಿನ ಕೆರೆಯನ್ನೂ ಅದಕ್ಕೆ ಸೇರಿಸಬಹುದು. ಬೆಳಿಗ್ಗೆ ಸೂರ್ಯ ಬೆನ್ನಿಗಿರುವಂತೆ ನಿಂತು, ಒಬ್ಬರು ಎಣಿಸಿ ಇನ್ನೊಬ್ಬರು ಬರೆದುಕೊಂಡರೆ ಆಯಿತು. ಪಂಚಾಯ್ತಿಯ ಮುಂದೆ ಇಳಿಜಾರು ಉಳಿಸಿ ಎಂದು ಕೇಳುವಾಗ, ಆ ಜಾಗದಲ್ಲಿ ಯಾವ ಹಕ್ಕಿ ಎಷ್ಟಿತ್ತು ಎಂಬ ಲೆಕ್ಕಕ್ಕಿಂತ ಗಟ್ಟಿ ಆಧಾರ ಬೇರಿಲ್ಲ. ನಿಮ್ಮೂರ ಕೆರೆಗೆ ಇನ್ನೂ ಅಂಥ ಪುಸ್ತಕ ಇಲ್ಲದಿದ್ದರೆ ಈ ಜನವರಿಯಲ್ಲೇ ಮೊದಲ ಪುಟ ಬರೆಯಿರಿ.